ಔಟ್‌ಪುಟ್ ಫೋಲ್ಡರ್ ಬದಲಿಸಿದ ಮೇಲೆ ಲೇಟೆಕ್‌ಗೆ (ಬರಹವನ್ನು ಪುಟಗಳಾಗಿ ಜೋಡಿಸುವ ತಂತ್ರಾಂಶ) ಚಿತ್ರಗಳು ಸಿಗುತ್ತಿಲ್ಲ, ಅವನ್ನೂ ತಯಾರಾದ ಫೈಲ್‌ಗಳು ಹೋಗುವ ಬಿಲ್ಡ್ ಫೋಲ್ಡರ್‌ಗೆ ಹಾಕಬೇಕೇ?

ಬೇಡ, ದಯವಿಟ್ಟು ಹಾಕಬೇಡಿ. ನಾನೂ ಇದೇ ಹಳ್ಳಕ್ಕೆ ಬಿದ್ದಿದ್ದೆ, ಹಾಗಾಗಿ ನೀವು ಏನು ಮಾಡಿದ್ದೀರಿ ಎಂದು ಊಹಿಸಬಲ್ಲೆ: ಬಿಲ್ಡ್ ಫೋಲ್ಡರ್ ಒಳಗೆ ಹೋಗಿ, ಅಲ್ಲಿಂದ ಮೇಲಿನ ಫೋಲ್ಡರ್‌ನ ಮೇನ್.ಟೆಕ್ಸ್ ಅನ್ನು ಕಂಪೈಲ್ ಮಾಡಿದ್ದೀರಿ, ಅಂದರೆ ಪಿಡಿಎಫ್ ಆಗಿಸಲು ಹೊರಟಿದ್ದೀರಿ.

ಎಡವಟ್ಟು ಆಗುವುದು ಅಲ್ಲೇ. ಚಿತ್ರ ಸೇರಿಸುವ ಆದೇಶವಾದ ಇನ್‌ಕ್ಲೂಡ್‌ಗ್ರಾಫಿಕ್ಸ್‌ನಲ್ಲಿ ಕೊಟ್ಟ ದಾರಿಯನ್ನು ಲೇಟೆಕ್ ಲೆಕ್ಕ ಹಾಕುವುದು ಕಮಾಂಡ್ ಓಡಿಸಿದ ಫೋಲ್ಡರ್‌ನಿಂದ. ಟೆಕ್ಸ್ ಫೈಲ್ ಎಲ್ಲಿದೆ ಎಂಬುದನ್ನು ಅದು ನೋಡುವುದಿಲ್ಲ. ನೀವು ಬಿಲ್ಡ್‌ನಲ್ಲಿ ನಿಂತಿದ್ದರೆ ‘ಚಿತ್ರ/ನಕ್ಷೆ.ಪಿಡಿಎಫ್’ ಎಂದರೆ ಬಿಲ್ಡ್ ಒಳಗಿನ ‘ಚಿತ್ರ’ ಎಂದೇ ಅರ್ಥ. ಆಗ ಜನ ಚಿತ್ರ ಎಲ್ಲಿ ಹುಡುಕಬೇಕೆಂದು ಹೇಳುವ ಗ್ರಾಫಿಕ್ಸ್‌ಪಾತ್‌ಗೆ ಎರಡು ಚುಕ್ಕೆ, ಓರೆಗೆರೆ ಸೇರಿಸಿ ಮೇಲಿನ ಫೋಲ್ಡರ್ ತೋರಿಸುತ್ತಾರೆ. ಪಿಎನ್‌ಜಿ, ಜೆಪಿಜಿ ಬಂದುಬಿಡುತ್ತವೆ, ಸರಿಹೋಯಿತು ಅನ್ನಿಸುತ್ತದೆ. ಇಪಿಎಸ್ ಎಂಬ ಬಗೆಯ ಚಿತ್ರ ಫೈಲ್ ಬರುವುದಿಲ್ಲ. ಪಿಡಿಎಫ್‌ಲೇಟೆಕ್ (ಟೆಕ್ಸ್ ಫೈಲನ್ನು ಪಿಡಿಎಫ್ ಮಾಡುವ ಕಮಾಂಡ್) ಇಪಿಎಸ್ ಅನ್ನು ನೇರವಾಗಿ ಓದಲಾರದು. ಅದರ ಪಕ್ಕದಲ್ಲೇ ‘-ಇಪಿಎಸ್-ಕನ್ವರ್ಟೆಡ್-ಟು.ಪಿಡಿಎಫ್’ ಎಂಬ ಬಾಲದ ಹೊಸ ಫೈಲ್ ಮಾಡಿಸಿಕೊಂಡು ಅದನ್ನು ಓದುತ್ತದೆ. ಆದರೆ ಲೇಟೆಕ್ ಅನ್ನು ಕಂಪ್ಯೂಟರಿಗೆ ತರುವ ಟೆಕ್ ಲೈವ್ ಸುರಕ್ಷತೆಗಾಗಿ ಮೇಲಿನ ಫೋಲ್ಡರ್‌ನಲ್ಲಿ ಬರೆಯಲು ಬಿಡುವುದಿಲ್ಲ. ಹೀಗಾಗಿ ಫೈಲೇ ಹುಟ್ಟುವುದಿಲ್ಲ, ಎರರ್ ಮಾತ್ರ ‘ಫೈಲ್ ಸಿಗಲಿಲ್ಲ’ ಎನ್ನುತ್ತದೆ. ನೀವು ಹೆಸರಿನ ಕಾಗುಣಿತ ತಿದ್ದುತ್ತಾ ಕೂರುತ್ತೀರಿ. ಶೆಲ್-ಎಸ್ಕೇಪ್ (ಲೇಟೆಕ್ ಹೊರಗಿನ ಕಮಾಂಡ್ ಓಡಿಸಲು ಬಿಡುವ ಆಯ್ಕೆ) ಪೂರ್ತಿ ತೆರೆಯಿರಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಒಂದು ಚಿತ್ರಕ್ಕಾಗಿ ಯಾವ ಕಮಾಂಡ್ ಬೇಕಾದರೂ ಓಡಲು ಬಿಟ್ಟ ಹಾಗಾಗುತ್ತದೆ.

ಪ್ರಾಜೆಕ್ಟ್‌ನ ಮುಖ್ಯ ಫೋಲ್ಡರ್‌ನಲ್ಲೇ ನಿಂತು ‘ಪಿಡಿಎಫ್‌ಲೇಟೆಕ್ -ಔಟ್‌ಪುಟ್-ಡೈರೆಕ್ಟರಿ=ಬಿಲ್ಡ್ ಮೇನ್.ಟೆಕ್ಸ್’ ಎಂದು ಓಡಿಸಿ. ಫೈಲ್ ಬರೆಯುವ ಜಾಗ ಬದಲಾಗುತ್ತದೆ, ಚಿತ್ರಗಳ ದಾರಿ ಇದ್ದಂತೆಯೇ ಇರುತ್ತದೆ. ಬಿಲ್ಡ್ ಫೋಲ್ಡರ್ ಮೊದಲೇ ಇರಬೇಕು, ಪಿಡಿಎಫ್‌ಲೇಟೆಕ್ ಅದನ್ನು ತಾನೇ ಸೃಷ್ಟಿಸುವುದಿಲ್ಲ. ‘ಅಧ್ಯಾಯ/ಒಂದು’ ಎಂಬ ಬೇರೆ ಟೆಕ್ಸ್ ಫೈಲನ್ನು ಇನ್‌ಕ್ಲೂಡ್ ಆದೇಶದಿಂದ ಸೇರಿಸಿದ್ದರೆ ಬಿಲ್ಡ್ ಒಳಗೂ ‘ಅಧ್ಯಾಯ’ ಎಂಬ ಖಾಲಿ ಫೋಲ್ಡರ್ ಬೇಕು. ಇಲ್ಲದಿದ್ದರೆ ಆಕ್ಸ್ ಎಂಬ ಸಹಾಯಕ ಫೈಲ್ ಬರೆಯಲಾಗದೆ ನಿಂತುಬಿಡುತ್ತದೆ. ಇನ್‌ಕ್ಲೂಡ್ ಬದಲು ಇನ್‌ಪುಟ್ ಆದೇಶ ಬಳಸಿದರೆ ಈ ತೊಂದರೆ ಇಲ್ಲ.

ನನ್ನನ್ನು ಕೇಳಿದರೆ ಇದನ್ನೂ ಕೈಯಾರೆ ಮಾಡಬೇಡಿ, ಲೇಟೆಕ್ ಅನ್ನು ತಾನೇ ಓಡಿಸುವ ಲೇಟೆಕ್‌ಎಂಕೆ ಎಂಬ ಸಾಧನಕ್ಕೆ ಬಿಡಿ. ‘ಲೇಟೆಕ್‌ಎಂಕೆ -ಪಿಡಿಎಫ್ -ಆಕ್ಸ್‌ಡಿರ್=ಬಿಲ್ಡ್ ಮೇನ್.ಟೆಕ್ಸ್’ ಸಾಕು. ಕಣ್ಣಿಗೆ ಅಡ್ಡವಾಗುವ ಆಕ್ಸ್, ಲಾಗ್, ಟಿಒಸಿ ಎಲ್ಲ ಬಿಲ್ಡ್‌ಗೆ ಹೋಗುತ್ತವೆ, ಪಿಡಿಎಫ್ ಕಣ್ಣೆದುರೇ ಉಳಿಯುತ್ತದೆ. ಹೆಚ್ಚಿನವರಿಗೆ ಬೇಕಾಗಿರುವುದು ಇಷ್ಟೇ.

ಇಪಿಎಸ್ ಚಿತ್ರಗಳನ್ನಂತೂ ಇಪಿಎಸ್‌ಟುಪಿಡಿಎಫ್‌ನಿಂದ ಒಮ್ಮೆ ಬದಲಿಸಿ, ಆ ಪಿಡಿಎಫ್‌ಗಳನ್ನೇ ಚಿತ್ರಗಳ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ಪ್ರತಿ ಕಂಪ್ಯೂಟರಿನಲ್ಲೂ ಕಂಪೈಲ್ ಆಗುವಾಗಲೇ ಬದಲಾಗಲಿ ಎಂದು ಬಿಡುವುದರಲ್ಲಿ ಲಾಭವೇ ಕಾಣೆ. ಟಿಕ್‌ಜ಼ಡ್ ಚಿತ್ರಗಳನ್ನು ಎಕ್ಸ್‌ಟರ್ನಲೈಜ಼್ ಮಾಡುತ್ತಿದ್ದರೆ (ಅಂದರೆ ಲೇಟೆಕ್‌ನಲ್ಲೇ ಬರೆದ ಚಿತ್ರಗಳನ್ನು ಬೇರೆ ಪಿಡಿಎಫ್ ಆಗಿ ಉಳಿಸುತ್ತಿದ್ದರೆ) ಇನ್ನೊಂದು ಪೇಚು: ಅದು ಒಳಗಿಂದ ಕರೆಯುವ ಪಿಡಿಎಫ್‌ಲೇಟೆಕ್‌ಗೆ ನಿಮ್ಮ ಔಟ್‌ಪುಟ್ ಫೋಲ್ಡರ್ ಗೊತ್ತಿರುವುದಿಲ್ಲ, ‘ಸಿಸ್ಟಮ್ ಕಾಲ್’ ಸೆಟ್ಟಿಂಗ್‌ನಲ್ಲಿ ಅದನ್ನೂ ನೀವೇ ಬರೆಯಬೇಕು.

ಇಷ್ಟಾದರೂ ಚಿತ್ರ ಸಿಗದಿದ್ದರೆ ಪಿಡಿಎಫ್‌ಲೇಟೆಕ್‌ಗೆ ‘-ರೆಕಾರ್ಡರ್’ ಸೇರಿಸಿ ಓಡಿಸಿ, ಬರುವ ಎಫ್‌ಎಲ್‌ಎಸ್ ಫೈಲ್ ತೆರೆಯಿರಿ (ಲೇಟೆಕ್‌ಎಂಕೆ ಇದನ್ನು ತಾನೇ ಮಾಡುತ್ತದೆ). ಮೊದಲ ಸಾಲಿನಲ್ಲಿ ಪಿಡಬ್ಲ್ಯುಡಿ ಎಂದು ಶುರುವಾಗಿ, ಕಮಾಂಡ್ ಯಾವ ಫೋಲ್ಡರ್‌ನಿಂದ ಓಡಿತು ಎಂಬುದು ಇರುತ್ತದೆ. ಎಡಿಟರ್‌ನ ಬಟನ್ ಒತ್ತಿ ಕಂಪೈಲ್ ಮಾಡುವವರು ಮೊದಲು ಈ ಸಾಲನ್ನೇ ನೋಡಿ. ಎಡಿಟರ್ ನಿಮಗೆ ಹೇಳದೆ ಬೇರೆ ಫೋಲ್ಡರ್‌ನಿಂದ ಓಡಿಸುತ್ತಿರಬಹುದು.