ಆಸ್ಪತ್ರೆ ಸುಲಭಕ್ಕೆ ಸಿಗದ ಜನರ ಆರೋಗ್ಯದ ನಂಬಿಕೆಗಳನ್ನು ಸೋಶಿಯಲ್ ಮೀಡಿಯಾ ನಿಜಕ್ಕೂ ಬದಲಿಸುತ್ತದೆಯೇ?

ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆ ಇವೆ. ಡಾಕ್ಟರು, ಆಸ್ಪತ್ರೆ ಸರಿಯಾಗಿ ಸಿಗದ ಕಡೆ ಜನ ಮೊಬೈಲ್ ಗುಂಪಿನಲ್ಲಿ ಬಂದದ್ದನ್ನೇ ನಂಬುತ್ತಾರೆ, ಇದು ನಿಜವೇ ಅಂತ ಒಂದು. ಹಾಗಾದರೆ ಅದೇ ಗುಂಪುಗಳಿಗೆ ಸರಿಯಾದ ಮಾಹಿತಿ ಹಾಕಿದರೆ ಆಯ್ತಲ್ವಾ ಅಂತ ಇನ್ನೊಂದು. ಮೊದಲನೆಯದು ಬಹುಮಟ್ಟಿಗೆ ನಿಜ. ಎರಡನೆಯದನ್ನು ನಾನೇ ಮಾಡಿ ನೋಡಿ ಸೋತಿದ್ದೇನೆ, ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಡಾಕ್ಟರಲ್ಲ. ಬಸುರಿಯರು, ಬಾಣಂತಿಯರು ಇದ್ದ ಒಂದು ಗುಂಪಿಗೆ ಕೆಲವು ವರ್ಷ ಅಡ್ಮಿನ್ ಆಗಿದ್ದೆ. ಅಲ್ಲಿದ್ದ ಹೆಚ್ಚಿನವರಿಗೆ ಡಾಕ್ಟರನ್ನು ಕಾಣುವುದೆಂದರೆ ಒಂದು ದಿನದ ಕೆಲಸ ಬಿಟ್ಟು ಹೋಗುವುದು. ಅಷ್ಟು ಕಷ್ಟಪಟ್ಟು ಹೋದರೂ ಒಳಗೆ ಸಿಗುತ್ತಿದ್ದದ್ದು ನಾಲ್ಕೈದು ನಿಮಿಷ.

ಒಂದು ರಾತ್ರಿ ಒಬ್ಬಾಕೆ ಬರೆದಳು: "ಕಬ್ಬಿಣಾಂಶದ ಮಾತ್ರೆ ಶುರು ಮಾಡಿದಾಗಿನಿಂದ ಮಲ ಕಪ್ಪಗೆ ಹೋಗ್ತಿದೆ. ಒಳಗೆ ರಕ್ತ ಸೋರ್ತಿರಬಹುದಾ?" ಹತ್ತು ನಿಮಿಷದಲ್ಲಿ ಮೂವರು ಉತ್ತರ ಕೊಟ್ಟರು. "ನನಗೂ ಹಾಗೇ ಆಗಿತ್ತು, ನಿಲ್ಲಿಸಿಬಿಟ್ಟೆ." "ನಾನೂ ನಿಲ್ಲಿಸಿದೆ." "ನನ್ನ ತಂಗಿಗೂ ಹಂಗೇ ಆಗಿತ್ತು." ನಾನು ನೋಡುವಷ್ಟರಲ್ಲಿ ಬೆಳಗಾಗಿತ್ತು. ಇನ್ನೂ ಏಳೆಂಟು ಜನ ಮಾತ್ರೆ ಬಿಟ್ಟಿದ್ದರು.

ಅಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ, ಗಮನಿಸಿ. ಫಾರ್ವರ್ಡ್ ಇಲ್ಲ, ನಕಲಿ ಡಾಕ್ಟರ್ ಇಲ್ಲ. ಮೂವರೂ ತಮಗೆ ಆದದ್ದನ್ನೇ ಹೇಳಿದ್ದರು. ಕಬ್ಬಿಣಾಂಶದ ಮಾತ್ರೆ ತಿಂದರೆ ಮಲ ಕಪ್ಪಾಗುವುದು ಮಾಮೂಲು. ಮೈಗೆ ಹತ್ತದೆ ಉಳಿದ ಕಬ್ಬಿಣದ ಬಣ್ಣ ಅದು, ಭಯ ಬೇಡ. (ಡಾಂಬರಿನ ಹಾಗೆ ಅಂಟಂಟಾಗಿದ್ದರೆ, ಕೆಟ್ಟ ವಾಸನೆ ಇದ್ದರೆ, ಇಲ್ಲವೇ ಹೊಟ್ಟೆನೋವು ಜೊತೆಗಿದ್ದರೆ ಕಾಯದೆ ತೋರಿಸಬೇಕು.) ಮಾತ್ರೆ ಕೊಟ್ಟವರು ಈ ಒಂದು ಮಾತು ಹೇಳಿದ್ದರೆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ನಾನು ಉದ್ದಕ್ಕೆ ಬರೆದೆ. ರಕ್ತಹೀನತೆ ಅಂದರೇನು, ಹೆರಿಗೆಯಲ್ಲಿ ಯಾಕೆ ಅಪಾಯ, ಜೊತೆಗೆ ಒಂದು ಲಿಂಕ್. ನಾಲ್ಕು ಹೆಬ್ಬೆಟ್ಟು ಬಂದವು. ಲಿಂಕ್ ಯಾರೂ ತೆರೆದಂತೆ ಕಾಣಲಿಲ್ಲ. ಎಷ್ಟೋ ಜನರ ಅಗ್ಗದ ಪ್ಯಾಕಿನಲ್ಲಿ ಚಾಟ್ ಮಾತ್ರ ಓಡುತ್ತಿತ್ತು, ಹೊರಗಿನ ಪುಟ ತೆರೆಯಲು ಡೇಟಾ ಬೇಕು ಅನ್ನುವುದು ನನಗೆ ಆಮೇಲೆ ಹೊಳೆಯಿತು. ವದಂತಿ ಪೂರ್ತಿಯಾಗಿ ಮೆಸೇಜಿನ ಒಳಗೇ ಬರುತ್ತದೆ. ತಿದ್ದುಪಡಿ ಲಿಂಕಿನ ಆಚೆ ಕೂತಿರುತ್ತದೆ. ಎರಡು ದಿನದ ನಂತರ ಎರಡು ಮಕ್ಕಳ ತಾಯಿಯೊಬ್ಬಳು 40 ಸೆಕೆಂಡಿನ ವಾಯ್ಸ್ ಮೆಸೇಜ್ ಹಾಕಿದಳು: "ನನಗೂ ಕಪ್ಪಾಗಿತ್ತು, ನಾನೂ ಹೆದರಿದ್ದೆ. ನರ್ಸನ್ನು ಕೇಳಿದೆ. ಅದು ಕಬ್ಬಿಣದ ಬಣ್ಣ ಅಂದ್ರು. ಪೂರ್ತಿ ತಗೊಂಡೆ, ಏನೂ ಆಗಲಿಲ್ಲ." ಅದರ ಕೆಳಗೆ ಇನ್ನಿಬ್ಬರು "ಹೌದು, ನನಗೂ" ಅಂದರು. ಬಿಟ್ಟವರಲ್ಲಿ ಕೆಲವರು ಮತ್ತೆ ಶುರು ಮಾಡಿದರು.

ಹೀಗಾಗುವುದಕ್ಕೆ ಕಾರಣ ಇದೆ. ನೆಗಡಿ ಹರಡಲು ಒಬ್ಬರು ಸೀನಿದರೆ ಸಾಕು. ರೂಢಿ ಹಾಗೆ ಹರಡುವುದಿಲ್ಲ, ನಮಗೆ ಗೊತ್ತಿರುವ ಎರಡು ಮೂರು ಜನ ಅದನ್ನೇ ಮಾಡಿದ್ದು ಕಾಣಬೇಕು. ಡೇಮನ್ ಸೆಂಟೋಲಾ ಎಂಬ ಸಮಾಜವಿಜ್ಞಾನಿ ಇದನ್ನು ಪ್ರಯೋಗ ಮಾಡಿಯೇ ನೋಡಿದರು, 2010ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. 1,528 ಜನರನ್ನು ಆನ್‌ಲೈನ್‌ನಲ್ಲಿ ಎರಡು ಬಗೆಯ ಜಾಲಗಳಲ್ಲಿ ಕೂರಿಸಿದರು. ಒಂದರಲ್ಲಿ ಒಬ್ಬರ ಗೆಳೆಯರು ಪರಸ್ಪರವೂ ಗೆಳೆಯರು, ಒಂದು ಓಣಿಯ ಹಾಗೆ. ಇನ್ನೊಂದರಲ್ಲಿ ನಂಟು ಎಲ್ಲೆಲ್ಲೋ ಚದುರಿತ್ತು. ಆರೋಗ್ಯದ ಒಂದು ವೇದಿಕೆಗೆ ಹೆಸರು ನೋಂದಾಯಿಸುವುದೇ ಅಲ್ಲಿ ಹರಡಬೇಕಾದ ನಡವಳಿಕೆ. ಓಣಿಯಂಥ ಜಾಲದಲ್ಲಿ ಸುಮಾರು ಶೇ 54 ಜನ ಸೇರಿದರು, ಚದುರಿದ ಜಾಲದಲ್ಲಿ ಶೇ 38. ಸೇರಿದ ವೇಗವೂ ಓಣಿಯಲ್ಲೇ ಜಾಸ್ತಿ. ಒಂದೇ ಮಾತು ಎರಡು ಮೂರು ದಿಕ್ಕಿನಿಂದ ಕಿವಿಗೆ ಬೀಳುವುದೇ ಅದರ ಗುಟ್ಟು.

ಸೌಲಭ್ಯ ಕಡಿಮೆ ಇರುವ ಸಮುದಾಯಗಳು ಸಾಮಾನ್ಯವಾಗಿ ಇಂಥ ಓಣಿಗಳೇ. ಒಬ್ಬರಿಗೊಬ್ಬರು ಆಗದೆ ಬೇರೆ ದಾರಿ ಇಲ್ಲ. ಸಾಲ, ಮಗು ನೋಡಿಕೊಳ್ಳುವುದು, ಕೆಲಸ ಹುಡುಕುವುದು, ಎಲ್ಲವೂ ಅದೇ ನಂಟಿನಲ್ಲಿ. ಮೊಬೈಲ್ ಗುಂಪು ಬಂದು ಆ ನಂಟಿಗೆ ಇನ್ನಷ್ಟು ಗಂಟು ಹಾಕಿತು. ಹಾಗಾಗಿ ಒಳ್ಳೆಯದೂ ಅಲ್ಲಿ ಬೇಗ ಬೇರು ಬಿಡುತ್ತದೆ, ಕೆಟ್ಟದ್ದೂ. ಒಂದು ಸಲ ಬೇರು ಬಿಟ್ಟ ಮೇಲೆ ಹೊರಗಿನವರು ಕೀಳುವುದು ಕಷ್ಟ.

ಇಲ್ಲೊಂದು ಎಚ್ಚರಿಕೆ. "ಜಾಲದಲ್ಲಿ ಎಲ್ಲವೂ ಅಂಟುತ್ತದೆ" ಅನ್ನುವವರನ್ನು ಸುಮ್ನೆ ನಂಬಬೇಡಿ. 2007ರಲ್ಲಿ ಕ್ರಿಸ್ಟಾಕಿಸ್ ಮತ್ತು ಫೌಲರ್ ಎಂಬ ಸಂಶೋಧಕರು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಹಳೆಯ ಆರೋಗ್ಯ ದಾಖಲೆ ಹಿಡಿದು 12,067 ಜನರನ್ನು 32 ವರ್ಷದ ಉದ್ದಕ್ಕೆ ನೋಡಿದರು. ಗೆಳೆಯ ದಪ್ಪಗಾದರೆ ನಾವೂ ದಪ್ಪಗಾಗುವ ಸಾಧ್ಯತೆ ಶೇ 57 ಹೆಚ್ಚು ಅಂದರು. ಮರುವರ್ಷವೇ ಬೇರೆ ಇಬ್ಬರು ಸಂಶೋಧಕರು ಅಂಥದೇ ಲೆಕ್ಕಾಚಾರ ಹಾಕಿ, ಮೊಡವೆ, ತಲೆನೋವು, ಕೊನೆಗೆ ಎತ್ತರ ಕೂಡ ಗೆಳೆಯರಿಂದ "ಅಂಟುತ್ತದೆ" ಎಂದು ತೋರಿಸಿಬಿಟ್ಟರು. ಎತ್ತರ! ಒಂದೇ ಥರದವರು ಗೆಳೆಯರಾಗುವುದು ಬೇರೆ, ಒಬ್ಬರು ಇನ್ನೊಬ್ಬರನ್ನು ಬದಲಿಸುವುದು ಬೇರೆ. ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಅಷ್ಟೇ. ಸೆಂಟೋಲಾ ಪ್ರಯೋಗ ನನಗೆ ಇಷ್ಟವಾಗುವುದು ಇದಕ್ಕೇ. ಅಲ್ಲಿ ಯಾರು ಯಾರ ಪಕ್ಕ ಕೂರಬೇಕು ಎಂದು ಚೀಟಿ ಎತ್ತಿದ ಹಾಗೆ ನಿರ್ಧಾರವಾಗಿತ್ತು.

ಈಗ ನಿಮ್ಮ ಪ್ರಶ್ನೆಯ ನಡುಮಧ್ಯಕ್ಕೆ ಬರುತ್ತೇನೆ. ಇಂಥ ಕಡೆ ನಂಬಿಕೆಯನ್ನು ರೂಪಿಸುವುದು ಸುಳ್ಳಿಗಿಂತ ಹೆಚ್ಚಾಗಿ ಉತ್ತರ ಸಿಗದ ಪ್ರಶ್ನೆ ಎಂಬುದು ನನ್ನ ಅಭಿಪ್ರಾಯ. ಸುಳ್ಳು ಆ ಖಾಲಿ ಜಾಗಕ್ಕೆ ಬಂದು ಕೂರುತ್ತದೆ.

ಸಮೋವಾ ದ್ವೀಪದೇಶದ ಕತೆ ನೋಡಿ. 2018ರ ಜುಲೈನಲ್ಲಿ ಅಲ್ಲಿ ದಡಾರದ ಲಸಿಕೆ ಹಾಕಿಸಿಕೊಂಡ ಎರಡು ಕೂಸುಗಳು ಕೂಡಲೇ ತೀರಿಕೊಂಡವು. ಲಸಿಕೆಯ ಪುಡಿಯನ್ನು ನೀರಿನಲ್ಲಿ ಕಲಸುವ ಬದಲು ಸ್ನಾಯು ಸಡಿಲಗೊಳಿಸುವ ಔಷಧಿಯಲ್ಲಿ ಕಲಸಿದ್ದರು. ನರ್ಸ್‌ಗಳ ತಪ್ಪು, ಲಸಿಕೆಯದಲ್ಲ. ಆದರೆ ಲಸಿಕೆ ಕಾರ್ಯಕ್ರಮವನ್ನೇ ತಿಂಗಳುಗಟ್ಟಲೆ ನಿಲ್ಲಿಸಲಾಯಿತು. ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿ ಅಷ್ಟು ದಿನ ಯಾರನ್ನು ಕೇಳಬೇಕು? ಫೇಸ್‌ಬುಕ್ಕಿನಲ್ಲಿ ಉತ್ತರ ಕೊಡಲು ಲಸಿಕೆ ವಿರೋಧಿಗಳು ಸಿದ್ಧರಿದ್ದರು, ಹೊರದೇಶಗಳಲ್ಲಿ ಕೂತವರೂ ಸೇರಿ. 2019ರ ಕೊನೆಗೆ ದಡಾರ ಬಂತು. ಸುಮಾರು ಎರಡು ಲಕ್ಷ ಜನಸಂಖ್ಯೆಯ ದೇಶದಲ್ಲಿ 5,700ಕ್ಕೂ ಹೆಚ್ಚು ಜನರಿಗೆ ತಗುಲಿ 83 ಮಂದಿ ಸತ್ತರು. ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಡಿಸೆಂಬರ್‌ನಲ್ಲಿ ಸರ್ಕಾರ ಎರಡು ದಿನ ದೇಶವನ್ನೇ ಬಂದ್ ಮಾಡಿ, ಲಸಿಕೆ ಬೇಕಾದವರು ಮನೆ ಮುಂದೆ ಕೆಂಪು ಬಟ್ಟೆ ಕಟ್ಟಿ ಎಂದು ಹೇಳಿ, ಮನೆಮನೆಗೆ ತಂಡ ಕಳಿಸಿತು. ಜನ ಬಟ್ಟೆ ಕಟ್ಟಿ ಕಾದರು. "ಲಸಿಕೆಯ ವಿರುದ್ಧ ಇದ್ದ ಸಮುದಾಯ" ಎಂದು ಅವರನ್ನು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಅಮೆರಿಕದ ಮಿನೆಸೋಟಾದಲ್ಲಿ ನೆಲೆಸಿದ ಸೊಮಾಲಿ ವಲಸಿಗರದೂ ಇಂಥದೇ ಕತೆ. ನಮ್ಮ ಮಕ್ಕಳಲ್ಲೇ ಯಾಕೆ ಇಷ್ಟು ಆಟಿಸಂ ಎಂದು ಅಲ್ಲಿನ ತಾಯಂದಿರು 2008ರ ಹೊತ್ತಿಗೇ ಕೇಳುತ್ತಿದ್ದರು. ವಿಶ್ವವಿದ್ಯಾಲಯದ ಅಧ್ಯಯನ ಹೊರಬಂದದ್ದು 2013ರ ಕೊನೆಗೆ. ನಡುವೆ ಲಸಿಕೆ ವಿರೋಧಿಗಳು ಬಂದು ಕೂತು ಮಾತಾಡಿ ಹೋಗಿದ್ದರು. ದಡಾರ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ಇಲ್ಲದ ನಂಟು ಕಟ್ಟಿದ್ದ ಆಂಡ್ರ್ಯೂ ವೇಕ್‌ಫೀಲ್ಡ್ ಕೂಡ ಬಂದಿದ್ದರು. 12 ಮಕ್ಕಳ ಮೇಲೆ ಬರೆದ ಅವರ 1998ರ ಲೇಖನವನ್ನು 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆ 2010ರಲ್ಲೇ ಹಿಂತೆಗೆದಿತ್ತು, ಆದರೆ ಆ ಸುದ್ದಿಗೆ ಕಾಲು ಕಡಿಮೆ. ಅಲ್ಲಿ ಹುಟ್ಟಿದ ಎರಡು ವರ್ಷದ ಸೊಮಾಲಿ ಮಕ್ಕಳಲ್ಲಿ ಈ ಲಸಿಕೆ ಪಡೆದವರು 2004ರಲ್ಲಿ ಶೇ 92 ಇದ್ದರು, 2014ಕ್ಕೆ ಶೇ 42ಕ್ಕೆ ಇಳಿದರು. 2017ರಲ್ಲಿ ದಡಾರ ಹರಡಿತು.

ಸುಳ್ಳು ಬೇಗ ಓಡುತ್ತದೆ ಎನ್ನುವುದೂ ಸರಿಯೇ. 2006ರಿಂದ 2017ರವರೆಗಿನ ಟ್ವಿಟರ್ ನೋಡಿದ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರ ಪ್ರಕಾರ, 1,500 ಜನರನ್ನು ಮುಟ್ಟಲು ನಿಜಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಸಮಯ ಬೇಕಾಯಿತು. ವಾಟ್ಸ್ಆ್ಯಪ್ 2020ರಲ್ಲಿ, ತುಂಬ ಸಲ ಕೈಬದಲಾದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸಬಹುದು ಎಂದು ಕಟ್ಟು ಹಾಕಿತು. ಅಂಥ ಫಾರ್ವರ್ಡ್ ಶೇ 70 ಇಳಿಯಿತು ಎಂದು ಕಂಪನಿಯೇ ಹೇಳಿಕೊಂಡಿತು. ಒಳ್ಳೆಯದೇ. ಆದರೆ ನಮ್ಮ ಮಾತ್ರೆಯ ಮಾತು ಫಾರ್ವರ್ಡೇ ಆಗಿರಲಿಲ್ಲವಲ್ಲ.

ಒಳ್ಳೆಯ ಕಡೆಗೂ ಉದಾಹರಣೆ ಇದೆ. ಲಾಸ್ ಏಂಜಲೀಸ್‌ನಲ್ಲಿ ಹೆಚ್ಚಾಗಿ ಕಪ್ಪು ಮತ್ತು ಲ್ಯಾಟಿನೋ ಸಮುದಾಯದ, ಪುರುಷರೊಂದಿಗೆ ಸಂಬಂಧವಿರುವ ಪುರುಷರನ್ನು ಫೇಸ್‌ಬುಕ್ಕಿನ ಮುಚ್ಚಿದ ಗುಂಪುಗಳಲ್ಲಿ 12 ವಾರ ಸೇರಿಸಿದರು. ಅವರಂಥವರೇ ಕೆಲವರಿಗೆ ತರಬೇತಿ ಕೊಟ್ಟು ಮಾತಾಡಲು ಬಿಟ್ಟರು. ಕೆಲವು ಗುಂಪಲ್ಲಿ ಎಚ್‌ಐವಿ ಬಗ್ಗೆ ಮಾತು, ಇನ್ನು ಕೆಲವದರಲ್ಲಿ ಬರೀ ಸಾಮಾನ್ಯ ಆರೋಗ್ಯದ ಮಾತು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೊದಲ ಕಡೆ 57 ಜನರಲ್ಲಿ 25 ಮಂದಿ ಮನೆಯಲ್ಲೇ ಮಾಡಿಕೊಳ್ಳುವ ಎಚ್‌ಐವಿ ಪರೀಕ್ಷೆಯ ಕಿಟ್ ಕೇಳಿದರು, ಎರಡನೆಯ ಕಡೆ 55ರಲ್ಲಿ 11. ಇನ್ನೊಂದು ಅಂಕಿಯನ್ನೂ ನೋಡಿ: ಕೇಳಿದ ಆ 25 ಜನರಲ್ಲಿ ಪರೀಕ್ಷೆ ಮಾಡಿ ವಾಪಸ್ ಕಳಿಸಿದವರು 9. ಮನಸ್ಸು ಬದಲಾದ ಮೇಲೂ ಕಾಲಿಗೆ ತೊಡರುವ ಸಂಗತಿಗಳು ಬೇಕಾದಷ್ಟಿವೆ.

ದಕ್ಷಿಣ ಆಫ್ರಿಕಾ ಸರ್ಕಾರ 2014ರಲ್ಲಿ ಬಸುರಿಯರಿಗಾಗಿ ಮಾಮ್‌ಕನೆಕ್ಟ್ ಎಂಬ ಮೊಬೈಲ್ ಸೇವೆ ಶುರು ಮಾಡಿತು. ಎಷ್ಟನೇ ತಿಂಗಳೋ ಅದಕ್ಕೆ ತಕ್ಕ ಮೆಸೇಜ್ ಸಾಮಾನ್ಯ ಫೋನಿಗೂ ಬರುವ ಹಾಗೆ ಮಾಡಿದ್ದರು. ನನಗೆ ಅದರಲ್ಲಿ ಹಿಡಿಸಿದ್ದು ಇನ್ನೊಂದು: ಆಕೆ ತಿರುಗಿ ಪ್ರಶ್ನೆ ಕೇಳಬಹುದು, ದೂರು ಕೊಡಬಹುದು, ಆ ಕಡೆ ಓದುವವರಿದ್ದಾರೆ.

ನೀವು ಗುಂಪು ಮಾಡುವುದಾದರೆ ಒಂದು ವಿಷಯ ಮರೆಯಬೇಡಿ. ಗುಂಪಿನಲ್ಲಿ ಮಾತಾಡುವವರು ಕೆಲವೇ ಜನ, ಉಳಿದವರು ಸುಮ್ಮನೆ ಓದುವವರು. ಎಷ್ಟೋ ಹೆಂಗಸರ ಫೋನು ಗಂಡನ ಅಥವಾ ಮಗನ ಕೈಯಲ್ಲೂ ಓಡಾಡುತ್ತದೆ. ಬಿಳಿಸೆರಗಿನ ಬಗ್ಗೆ, ಗರ್ಭನಿರೋಧಕದ ಬಗ್ಗೆ ಅವರು ಅಲ್ಲಿ ಬರೆಯುತ್ತಾರೆಯೇ? ನಮ್ಮಲ್ಲಿ ಇಂಥ ಪ್ರಶ್ನೆಗಳನ್ನು ಅಡ್ಮಿನ್‌ಗೆ ಕಳಿಸಿದರೆ ಹೆಸರಿಲ್ಲದೆ ಹಾಕುತ್ತಿದ್ದೆವು. ಗುಂಪಿನ ಅತಿ ಹೆಚ್ಚು ಉಪಯೋಗದ ಮಾತುಗಳೆಲ್ಲ ಬಂದದ್ದು ಹಾಗೆ.

ತಪ್ಪು ಹೇಳಿದವರನ್ನು ಎಲ್ಲರ ಮುಂದೆ ತಿದ್ದಲು ಹೋಗಬೇಡಿ. ನಾನು ಹಾಗೆ ಮಾಡಿ ಇಬ್ಬರನ್ನು ಕಳೆದುಕೊಂಡೆ. ಅವರು ಹೋದದ್ದು ಲಸಿಕೆ ಬೇಡ ಅನ್ನುವ ಬೇರೆ ಗುಂಪಿಗೆ ಎಂದು ಆಮೇಲೆ ಗೊತ್ತಾಯಿತು. ಅದಕ್ಕಿಂತ, ಸರಿಯಾಗಿ ಮಾಡಿದ ಇಬ್ಬರು ಮೂವರನ್ನು ಹುಡುಕಿ, ಅವರ ಬಾಯಲ್ಲೇ ಹೇಳಿಸಿ. ಒಬ್ಬರು ಸಾಲದು.

ಡಾಕ್ಟರನ್ನೋ ನರ್ಸನ್ನೋ ಸೇರಿಸಿಕೊಳ್ಳುವ ಮೊದಲು, "ರಾತ್ರಿ ಹತ್ತಕ್ಕೆ ಬಂದ ಪ್ರಶ್ನೆಗೆ ಬೆಳಗ್ಗೆ ಎಂಟರೊಳಗೆ ಉತ್ತರ ಕೊಡ್ತೀರಾ?" ಎಂದು ನೇರವಾಗಿ ಕೇಳಿ. ನಮ್ಮಲ್ಲಿ ಇಬ್ಬರು ಒಪ್ಪಿದರು. ಡಾಕ್ಟರು ಮೂರು ವಾರಕ್ಕೆ ಕೈಬಿಟ್ಟರು, ಅವರಿಗೂ ಪುರುಸೊತ್ತಿರಲಿಲ್ಲ. ನರ್ಸ್ ಉಳಿದರು. ಮಾತ್ರೆಯ ಪ್ರಶ್ನೆ ಆಮೇಲೂ ಎರಡು ಮೂರು ತಿಂಗಳಿಗೊಮ್ಮೆ ಬರುತ್ತಲೇ ಇತ್ತು. ಪ್ರತಿ ಸಲವೂ ಅವರು ಆ ಹಳೆಯ 40 ಸೆಕೆಂಡಿನ ವಾಯ್ಸ್ ಮೆಸೇಜನ್ನೇ ಹುಡುಕಿ ಹಾಕಿ, ಕೆಳಗೆ "ಹೌದು, ಸರಿ" ಎಂದಷ್ಟೇ ಬರೆಯುತ್ತಿದ್ದರು.