ಗ್ರೂಪ್‌ನಲ್ಲಿ ನೋಡಿಯೂ ಸುಮ್ಮನಿದ್ದೆ, ಈಗೇನು ಮಾಡಲಿ?

ಪ್ರಶ್ನೆ: ನಾನು ಸ್ನಾತಕೋತ್ತರ ವಿದ್ಯಾರ್ಥಿನಿ, ನಮ್ಮ ತರಗತಿಯ ವಾಟ್ಸ್‌ಆ್ಯಪ್ ಗ್ರೂಪ್‌ನ ಅಡ್ಮಿನ್. ಸಹಪಾಠಿಯೊಬ್ಬ ನನ್ನ ಗೆಳತಿಯ ಇನ್‌ಸ್ಟಾಗ್ರಾಂ ಫೋಟೊವನ್ನು ಅಶ್ಲೀಲವಾಗಿ ತಿರುಚಿ ಗ್ರೂಪ್‌ಗೆ ಹಾಕಿದ. ಕೆಲವರು ನಗುವ ಇಮೋಜಿ ಒತ್ತಿದರು. ನಾನು ಸುಮ್ಮನಿದ್ದೆ. ಗೆಳತಿ ಎಲ್ಲ ಖಾತೆ ಮುಚ್ಚಿ, ನನ್ನೊಡನೆ ಮಾತು ಬಿಟ್ಟಿದ್ದಾಳೆ. ‘ನಿನಗ್ಯಾಕೆ ಊರ ಉಸಾಬರಿ, ನೀನೂ ಹೊರಗೆ ಬಾ’ ಎನ್ನುತ್ತಾರೆ ಅಮ್ಮ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಅಪರಾಧ ಫೋಟೊ ತಿರುಚಿದವನದು, ನಿಮ್ಮದಲ್ಲ. ಆದರೆ ಅಷ್ಟು ಜನರಿದ್ದ ಗ್ರೂಪ್‌ನಲ್ಲಿ ‘ಇದು ತಪ್ಪು’ ಎನ್ನುವ ಒಂದು ದನಿಗಾಗಿ ನಿಮ್ಮ ಗೆಳತಿ ಕಾದಿರಬೇಕು. ಅದು ನಿಮ್ಮಿಂದಲೂ ಬರಲಿಲ್ಲ. ಅವಳ ಮುನಿಸು ನ್ಯಾಯವಾದದ್ದೇ.

ಮೊದಲು ಅವಳನ್ನು ಎದುರಿಗೇ ಕಂಡು ಮಾತಾಡಿ. ‘ನನಗೂ ಭಯವಾಗಿತ್ತು’ ಎಂಬ ಸಮಜಾಯಿಷಿ ಬೇಡ. ‘ಮಾತಾಡಬೇಕಿತ್ತು, ಆಡಲಿಲ್ಲ. ಈಗ ನಿನ್ನ ಜೊತೆಗಿದ್ದೇನೆ’ ಅನ್ನಿ. ಕೂಡಲೇ ಕ್ಷಮಿಸಲಿ ಎಂದು ಬಯಸಬೇಡಿ. ಮುಂದಿನ ಪ್ರತಿ ಹೆಜ್ಜೆಗೂ ಅವಳ ಒಪ್ಪಿಗೆ ಪಡೆಯಿರಿ. ಅವಳನ್ನು ಕೇಳದೆ ಅವಳ ಫೋಟೊ ಬಳಸಿದ್ದರಿಂದಲೇ ಅಲ್ಲವೇ ಇಷ್ಟೆಲ್ಲ ಆದದ್ದು?

ಅವಳು ಒಪ್ಪಿದರೆ, ಕಳಿಸಿದವನ ನಂಬರ್, ದಿನ, ಹೊತ್ತು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ದೂರಿಗೆ ಅದೇ ಆಧಾರ. ‘ನೋಡು, ಎಂಥ ಅನ್ಯಾಯ’ ಎಂದು ತೋರಿಸಲಿಕ್ಕೂ ಅದನ್ನು ಯಾರಿಗೂ ಕಳಿಸಬೇಡಿ. ಆಮೇಲೆ ವಾಟ್ಸ್‌ಆ್ಯಪ್‌ಗೆ ರಿಪೋರ್ಟ್ ಮಾಡಿ; ಅದು ಕಳಿಸಿದವನಿಗೆ ತಿಳಿಯುವುದಿಲ್ಲ. ಬೇರೆಯವರ ಮೆಸೇಜನ್ನೂ ಎಲ್ಲರಿಗೂ ಕಾಣದಂತೆ ಅಳಿಸುವ ಅಧಿಕಾರ ಅಡ್ಮಿನ್‌ಗೆ 2022ರಿಂದ ಇದೆ. ಆ ಆಯ್ಕೆ ಈಗಲೂ ಕಾಣುತ್ತಿದ್ದರೆ ಅಳಿಸಿ. ಯಾರ್ಯಾರ ಗ್ಯಾಲರಿಗೆ ಇಳಿದಿದೆಯೋ ಅದು ಮಾತ್ರ ಉಳಿದೇ ಇರುತ್ತದೆ.

ಅದಕ್ಕಾಗಿ ಸ್ಟಾಪ್‌ಎನ್‌ಸಿಐಐ ಎಂಬ ಉಚಿತ ಸೇವೆಯ ಬಗ್ಗೆ ಅವಳಿಗೆ ಹೇಳಿ. 2021ರಲ್ಲಿ ಶುರುವಾದ ಇದು 18 ತುಂಬಿದವರಿಗೆ. ತಿರುಚಿದ ಚಿತ್ರಗಳಿಗೂ ನಡೆಯುತ್ತದೆ. ಫೋಟೊ ಅವಳ ಫೋನ್ ಬಿಟ್ಟು ಹೋಗುವುದಿಲ್ಲ. ಅದನ್ನು ಗುರುತಿಸುವ ಹ್ಯಾಶ್ ಎಂಬ ಸಂಕೇತ ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ತಾಣಗಳಿಗೆ ತಲುಪುತ್ತದೆ. ಅದೇ ಚಿತ್ರವನ್ನು ಅಲ್ಲಿ ಯಾರಾದರೂ ಹಾಕಿದರೆ ಪತ್ತೆ ಹಚ್ಚಿ ತೆಗೆಯಲು ನೆರವಾಗುತ್ತದೆ. ಖಾಸಗಿ ಚಾಟ್‌ಗಳ ಒಳಗೆ ಇದು ನಡೆಯದು. ಹಾಗಾಗಿ ವಿಶ್ವವಿದ್ಯಾಲಯಕ್ಕೋ ಪೊಲೀಸರಿಗೋ ದೂರು ಕೊಡಲು ಅವಳು ಮನಸ್ಸು ಮಾಡಿದರೆ ಜೊತೆಗೆ ಹೋಗಿ, ಕಂಡದ್ದನ್ನು ಹೇಳಿ.

ಅಮ್ಮನ ಆತಂಕ ಅರ್ಥವಾಗುತ್ತದೆ. ಆದರೂ ಹೊರಗೆ ಬರಬೇಡಿ. ಓದಿನ ಟಿಪ್ಪಣಿ, ಕೆಲಸದ ಸುದ್ದಿ, ಊರು–ದೇಶದ ಚರ್ಚೆ ಎಲ್ಲವೂ ಈಗ ಅಲ್ಲೇ ನಡೆಯುತ್ತಿರುವಾಗ, ಕಿರುಕುಳ ಕೊಟ್ಟವನು ಉಳಿದು ಹುಡುಗಿಯರೇ ಯಾಕೆ ಜಾಗ ಬಿಡಬೇಕು? ಡಿಜಿಟಲ್ ಪೌರತ್ವವೆಂದರೆ, ಅಂದರೆ ಆನ್‌ಲೈನ್‌ನಲ್ಲಿ ಹೊಣೆಯರಿತು ಬದುಕುವುದೆಂದರೆ, ‘ಫೋಟೊ ಹಾಕಬೇಡ, ಪಾಸ್‌ವರ್ಡ್ ಹೇಳಬೇಡ’ ಎಂದಷ್ಟೇ ಅವರಿಗೆ ಕಲಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅನ್ಯಾಯ ಕಂಡಾಗ ಅಲ್ಲಿಯೇ ಹೇಗೆ ಮಾತಾಡಬೇಕೆಂದು ನಿಮಗೆ ಯಾರೂ ಕಲಿಸಲೇ ಇಲ್ಲ.

ಗೆಳತಿ ಸರಿ ಎಂದ ದಿನವೇ, ಅವಳ ಹೆಸರೆತ್ತದೆ ಗ್ರೂಪ್‌ನಲ್ಲಿ ಬರೆಯಿರಿ: ‘ಇಲ್ಲಿ ಬಂದ ಚಿತ್ರ ತಿರುಚಿದ್ದು. ಫೋನ್‌ನಲ್ಲಿದ್ದರೆ ಅಳಿಸಿ, ಯಾರಿಗೂ ಕಳಿಸಬೇಡಿ.’ ಇಮೋಜಿ ಒತ್ತಿದವರಿಗೆ ಒಬ್ಬೊಬ್ಬರಿಗೂ ಬೇರೆಯಾಗಿ ಹೇಳಿ. ಎಲ್ಲರೊಂದಿಗೆ ನಕ್ಕವರು ಒಬ್ಬರೇ ಸಿಕ್ಕಾಗ ಮಾತು ಕೇಳುವ ಸಾಧ್ಯತೆ ಹೆಚ್ಚು.