ಕಂಟ್ರಾಕ್ಟರ್ ಕಡೆಯ ಹುಡುಗನ ಕೈ ಪ್ರೆಸ್‌ಗೆ ಸಿಕ್ಕಿದರೆ ಪರಿಹಾರ ಯಾರು ಕೊಡಬೇಕು?

ನೀವು ಕೇಳಿರುವುದು ಇಷ್ಟು. ತಗಡು ಒತ್ತಿ ಪೀಸ್ ಮಾಡುವ, ಆರು ಜನರ ಸಣ್ಣ ಪ್ರೆಸ್ ಶಾಪ್. 2025ರ ಆಗಸ್ಟ್‌ನಲ್ಲಿ 30 ವರ್ಷದ ಹುಡುಗನ ಒಂದೇ ಕೈಯ ಎರಡು ಬೆರಳು ಪವರ್ ಪ್ರೆಸ್‌ಗೆ ಹೋದವು. ಸಂಬಳ 18,000. ಅವನು ಲೇಬರ್ ಕಂಟ್ರಾಕ್ಟರ್ ಕಳಿಸಿದವನು, ಕೈ ಒಳಗೆ ಹೋಗದಂತೆ ಮೆಷಿನ್‌ಗೆ ಹಾಕಿದ್ದ ಗಾರ್ಡ್ ತೆಗೆದದ್ದೂ ಅವನೇ. ಪಕ್ಕದ ಶೆಡ್‌ನವರು 50,000 ಕೊಟ್ಟು ಸ್ಟ್ಯಾಂಪ್ ಪೇಪರ್ ಮೇಲೆ ಸಹಿ ಹಾಕಿಸಿಕೊಳ್ಳಿ ಅಂದಿದ್ದಾರೆ. ನೀವು ಪರಿಹಾರ ಕೊಡಲೇಬೇಕಾ, ಎಷ್ಟು?

ಕೊಡಲೇಬೇಕು. 50,000 ಅಲ್ಲ, ಅದರ ಏಳು ಪಟ್ಟಿಗಿಂತ ಜಾಸ್ತಿ.

ಪೀಣ್ಯದ ಸಣ್ಣ ಯೂನಿಟ್‌ಗಳಿಗೆ ಪಿಎಫ್, ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಕಾಗದ ಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಇಂಥ ಪ್ರಶ್ನೆ ಬಂದಾಗಲೆಲ್ಲ ಮಾಲೀಕರು ಮೊದಲು ಹೇಳುವುದು "ತಪ್ಪು ಅವನದೇ" ಅಂತ. ನೌಕರರ ಪರಿಹಾರ ಕಾಯ್ದೆ ಆ ಪ್ರಶ್ನೆಯಿಂದ ಶುರುವಾಗುವುದೇ ಇಲ್ಲ. ಕೆಲಸದಿಂದಾಗಿ, ಕೆಲಸದ ಹೊತ್ತಿನಲ್ಲಿ ಅಪಘಾತ ಆಯಿತಾ, ಅಷ್ಟೇ ಕೇಳುತ್ತದೆ. 1923ರ ಈ ಕಾಯ್ದೆ ಈಗ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಹೋಗಿದೆ. ನಿಮ್ಮ ಅಪಘಾತ ಅದಕ್ಕೂ ಮುಂಚಿನದು, ಹಾಗಾಗಿ ಹಳೆಯ ಕಾಯ್ದೆಯ ಲೆಕ್ಕವನ್ನೇ ಹೇಳುತ್ತೇನೆ.

ಅದಕ್ಕೆ ಮೊದಲು ಒಂದು ವಿಷಯ ನೋಡಿಕೊಳ್ಳಿ. ಆರು ಜನ ಅಂದಿರಲ್ಲ, ಅದರಲ್ಲಿ ಕಂಟ್ರಾಕ್ಟರ್ ಹುಡುಗರು ಸೇರಿದ್ದಾರಾ? ಅವರನ್ನೂ ಸೇರಿಸಿ 10 ಮುಟ್ಟಿದರೆ ಇಎಸ್‌ಐ ಬರುತ್ತದೆ. 21,000ದವರೆಗೆ ಸಂಬಳ ಇರುವವರಿಗೆಲ್ಲ ಅನ್ವಯ. ಇಎಸ್‌ಐ ಇದ್ದರೆ ಚಿಕಿತ್ಸೆ, ಪರಿಹಾರ ಎಲ್ಲ ಅವರದೇ, ನಿಮ್ಮ ಮೇಲೆ ಈ ಕಾಯ್ದೆಯ ಕ್ಲೇಮು ಹಾಕಲು ಬರುವುದಿಲ್ಲ. ಮಾಲೀಕರ ಪಾಲು ಸಂಬಳದ 3.25%. ಅಷ್ಟು ಉಳಿಸೋಣ ಅಂತ ತಲೆಲೆಕ್ಕ ಕಡಿಮೆ ತೋರಿಸುವವರನ್ನು ನೋಡಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ, ಯಾಕೆಂದರೆ ಅದಕ್ಕಿಂತ ಅಗ್ಗದ ರಕ್ಷಣೆ ಸಣ್ಣ ಯೂನಿಟ್‌ಗೆ ಬೇರೆ ಯಾವುದೂ ಇಲ್ಲ.

ಇಎಸ್‌ಐ ಇಲ್ಲ ಅಂದರೆ ಲೆಕ್ಕ ಹೀಗೆ. ಸಂಬಳ 18,000 ಇದ್ದರೂ ಕಾಯ್ದೆ ಹಿಡಿಯುವುದು 15,000ವನ್ನೇ, 2020ರ ಜನವರಿಯಿಂದ ಅದೇ ಮಿತಿ. ಅದರ 60% ಅಂದರೆ 9,000. ವಯಸ್ಸಿಗೆ ತಕ್ಕಂತೆ ಒಂದು ಗುಣಕದ ಪಟ್ಟಿ ಇದೆ, 30 ವರ್ಷಕ್ಕೆ 207.98. ಗುಣಿಸಿದರೆ 18,71,820. ದುಡಿಮೆಗೆ ಪೂರ್ತಿ ಆಗದಂತೆ ಆಗಿಬಿಟ್ಟರೆ ಇಷ್ಟು. ಒಂದು ಕೈಯ ಎರಡು ಬೆರಳು ಪೂರ್ತಿ ಹೋದರೆ ಕಾಯ್ದೆಯ ಗಾಯಗಳ ಪಟ್ಟಿಯಲ್ಲಿ ಅದರ 20%, ಅಂದರೆ 3,74,364 ರೂಪಾಯಿ. ಆಸ್ಪತ್ರೆ ಖರ್ಚು ಬೇರೆ, ಅದನ್ನೂ ನೀವೇ ಕೊಡಬೇಕು, ಪರಿಹಾರದಲ್ಲಿ ಕಳೆಯುವ ಹಾಗಿಲ್ಲ.

20% ಕೊನೆಯ ಮಾತು ಅಂದುಕೊಳ್ಳಬೇಡಿ. ಒಡಿಶಾದ ಸಿನಿಮಾ ಹಾಲ್ ಒಂದರಲ್ಲಿ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ ಬಿದ್ದು, ಎಡಗೈಯನ್ನು ಮೊಣಕೈ ಮೇಲಿಂದ ಕತ್ತರಿಸಬೇಕಾಯಿತು. ಒಂದು ಕೈಯಲ್ಲಿ ಬಡಗಿ ಕೆಲಸ ಆಗಲ್ಲ, ಆದ್ದರಿಂದ ಅವನ ಮಟ್ಟಿಗೆ ಇದು ಪೂರ್ತಿ ನಷ್ಟ ಅಂತ 1975ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪರಿಹಾರ ಸಲ್ಲಬೇಕಾದದ್ದು ಅಪಘಾತದ ದಿನದಿಂದಲೇ, ಕಮಿಷನರ್ (ಈ ಪರಿಹಾರದ ಅರ್ಜಿಗಳನ್ನು ತೀರ್ಮಾನಿಸುವ ಅಧಿಕಾರಿ) ಆದೇಶ ಬಂದ ಮೇಲಲ್ಲ ಅಂತಲೂ ಅದೇ ತೀರ್ಪಿನಲ್ಲಿದೆ. ನಿಮಗೆ ತುರ್ತಾಗಿ ಬೇಕಾದ ಮಾತು ಇದು. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ 12% ಬಡ್ಡಿ. ತಡಕ್ಕೆ ಸರಿಯಾದ ಕಾರಣ ಇಲ್ಲದಿದ್ದರೆ 50%ವರೆಗೆ ದಂಡ, ಅದೇ 1,87,182 ಆಗಬಹುದು. ಕಮಿಷನರ್ ಮುಂದೆ ಅರ್ಜಿ ಹಾಕಲು ಹುಡುಗನಿಗೆ ಎರಡು ವರ್ಷ ಸಮಯ ಇದೆ. ಅವನು ಸುಮ್ನಿದ್ದಾನೆ ಅಂತ ನೀವೂ ಸುಮ್ನಿದ್ದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ಇನ್ನು ಗಾರ್ಡ್ ವಿಷಯ. ಸುರಕ್ಷತೆಗೆ ಹಾಕಿದ್ದು ಅಂತ ಗೊತ್ತಿದ್ದೂ ಕೆಲಸಗಾರ ಬೇಕಂತಲೇ ಅದನ್ನು ತೆಗೆದಿದ್ದರೆ ಮಾಲೀಕರಿಗೆ ವಿನಾಯಿತಿ ಇದೆ, ಸುಳ್ಳಲ್ಲ. ಕುಡಿದಿದ್ದರೂ ಹಾಗೇ. ಆದರೆ ಸಾವು ಅಥವಾ ಪೂರ್ತಿ ಶಾಶ್ವತ ಅಂಗವೈಕಲ್ಯ ಆದರೆ ಆ ವಿನಾಯಿತಿ ಇಲ್ಲ. ಉಳಿದ ಕಡೆ ಬೇಕಂತಲೇ ತೆಗೆದ ಅಂತ ಸಾಬೀತು ಮಾಡಬೇಕಾದವರು ನೀವು. ನಿಮ್ಮನ್ನೇ ಕೇಳಿಕೊಳ್ಳಿ, ಸಾಧ್ಯವಾ? ನಾನು ನೋಡಿದ ಎಷ್ಟೋ ಪ್ರೆಸ್ ಶಾಪ್‌ಗಳಲ್ಲಿ ಗಾರ್ಡ್‌ನ ಜಾಲರಿ ಮೆಷಿನ್ ಹಿಂದೆ ಗೋಡೆಗೆ ಒರಗಿ ಧೂಳು ಹಿಡಿದಿರುತ್ತದೆ. ಎರಡು ಕೈಯಲ್ಲೂ ಒತ್ತಬೇಕಾದ ಬಟನ್‌ಗಳಲ್ಲಿ ಒಂದಕ್ಕೆ ಮರದ ಚಕ್ಕೆ ಸಿಕ್ಕಿಸಿರುತ್ತಾರೆ, ಒಂದು ಕೈ ಪೀಸ್ ಇಡಲು ಬಿಡುವಾಗಲಿ ಅಂತ. ಇದು ಒಂದು ದಿನದಲ್ಲಿ ಆದದ್ದಲ್ಲ, ಸೂಪರ್‌ವೈಸರ್‌ಗೆ ಕಾಣದ್ದೂ ಅಲ್ಲ. ಸಂಜೆ ಹೊತ್ತಿಗೆ ಇಷ್ಟು ಪೀಸ್ ಬೇಕು ಅಂತ ನಾವು ಒತ್ತಡ ಹಾಕಿದ್ದರಿಂದಲೇ ಅವನು ಗಾರ್ಡ್ ತೆಗೆದ ಅಲ್ವಾ? ಎಲ್ಲರಿಗೂ ಗೊತ್ತಿದ್ದು ಯಾರೂ ತಡೆಯದಿದ್ದರೆ ಆ ವಾದ ನಿಲ್ಲುವುದು ಕಷ್ಟ. ಅದನ್ನು ನಂಬಿಕೊಂಡು ಹಣ ತಡೆಹಿಡಿಯಬೇಡಿ.

ಕಂಟ್ರಾಕ್ಟರ್ ಹೆಸರು ಹೇಳಿ ತಪ್ಪಿಸಿಕೊಳ್ಳಲೂ ಬರುವುದಿಲ್ಲ. ನಿಮ್ಮ ಶೆಡ್, ನಿಮ್ಮ ಮೆಷಿನ್, ನಿಮ್ಮದೇ ವ್ಯವಹಾರದ ಕೆಲಸ. ಹುಡುಗ ನೇರವಾಗಿ ನಿಮ್ಮನ್ನೇ ಕೇಳಬಹುದು. ಕೊಟ್ಟ ಮೇಲೆ ಕಂಟ್ರಾಕ್ಟರ್‌ನಿಂದ ವಸೂಲು ಮಾಡಿಕೊಳ್ಳುವ ಹಕ್ಕು ನಿಮಗಿದೆ. ಅದಕ್ಕೇ ಬರಹದಲ್ಲಿ ಕರಾರು, ಹಾಜರಿ, ಬಿಲ್ಲು ಇರಲಿ ಅನ್ನುವುದು. ಫೋನ್ ಮಾಡಿ "ನಾಲ್ಕು ಜನರನ್ನ ಕಳಿಸಿ" ಅಂದದ್ದಷ್ಟೇ ಇದ್ದರೆ ವಸೂಲಿ ಬಲು ಕಷ್ಟ.

ಸ್ಟ್ಯಾಂಪ್ ಪೇಪರ್ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಪರಿಹಾರದ ಹಕ್ಕು ಬಿಟ್ಟುಕೊಟ್ಟೆ ಅಂತ ಕೆಲಸಗಾರ ಬರೆದುಕೊಟ್ಟರೂ ಅದಕ್ಕೆ ಬೆಲೆ ಇಲ್ಲ. ಮೊತ್ತದ ಬಗ್ಗೆ ರಾಜಿ ಆದರೂ ಅದು ಕಮಿಷನರ್ ಬಳಿ ನೋಂದಣಿ ಆಗಬೇಕು, ಮೊತ್ತ ತೀರಾ ಕಡಿಮೆ ಅನಿಸಿದರೆ ಅವರು ಒಪ್ಪುವುದಿಲ್ಲ. ನೋಂದಣಿ ಮಾಡಿಸದಿದ್ದರೆ ಪೂರ್ತಿ ಪರಿಹಾರದ ಹೊಣೆ ನಿಮ್ಮ ತಲೆ ಮೇಲೆ ಹಾಗೇ ಇರುತ್ತದೆ. ಸಾವಿನ ಪ್ರಕರಣವಾದರಂತೂ ಹಣವನ್ನು ಕಮಿಷನರ್ ಬಳಿಯೇ ಠೇವಣಿ ಇಡಬೇಕು. ಸರಿಯಾದ ಲೆಕ್ಕ ಹಾಕಿ, ಒಬ್ಬ ವಕೀಲರ ಮೂಲಕ ನೋಂದಣಿ ಮಾಡಿಸಿಯೇ ಕೊಡಿ.

ಮುಂದಿನ ಸಲಕ್ಕೆ ಡಬ್ಲ್ಯೂಸಿ ಪಾಲಿಸಿ ಮಾಡಿಸಿ, ಅಂದರೆ ಇಂಥ ಪರಿಹಾರದ ಹೊಣೆ ಹೊರುವ ವಿಮೆ. ಒಟ್ಟು ಸಂಬಳದ ಲೆಕ್ಕದಲ್ಲಿ ಪ್ರೀಮಿಯಂ ಬರುತ್ತದೆ. ಏಜೆಂಟ್ ಕೊಟ್ಟದ್ದಕ್ಕೆ ಹಾಗೇ ಸಹಿ ಹಾಕಬೇಡಿ. ಕಂಟ್ರಾಕ್ಟರ್ ಹುಡುಗರನ್ನು ಸೇರಿಸಿದ್ದಾರಾ, ಆಸ್ಪತ್ರೆ ಖರ್ಚು ಇದೆಯಾ, ಬಡ್ಡಿ ಯಾರದು ಅಂತ ಕೇಳಿ. ಸಂಬಳ ಕಡಿಮೆ ತೋರಿಸಿ ಪ್ರೀಮಿಯಂ ಉಳಿಸಿದರೆ ಕ್ಲೇಮಿನ ಹೊತ್ತಿಗೆ ವ್ಯತ್ಯಾಸ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ತಡ ಮಾಡಿದ್ದಕ್ಕೆ ಬೀಳುವ ದಂಡ ಮಾತ್ರ ಮಾಲೀಕರೇ ಕಟ್ಟಬೇಕಾದದ್ದು.

ಅವನನ್ನು ವಾಪಸ್ ಕೆಲಸಕ್ಕೆ ಕರೆದುಕೊಂಡರೆ ಪರಿಹಾರ ಕೊಡಬೇಕಾಗಿಲ್ಲವಾ ಅಂತಲೂ ಕೇಳಿದ್ದೀರಿ. ಎರಡೂ ಬೇರೆ ಬೇರೆ. ಪರಿಹಾರ ಕೊಡಿ, ಕೆಲಸಕ್ಕೂ ಕರೆದುಕೊಳ್ಳಿ. ಪೀಸ್ ಚೆಕ್ ಮಾಡುವುದು, ಪ್ಯಾಕಿಂಗ್, ಸ್ಟೋರ್ ಪುಸ್ತಕ, ಇವಕ್ಕೆಲ್ಲ ಅವನಾಗುತ್ತಾನೆ, ಪ್ರೆಸ್ ಮುಂದೆ ಮಾತ್ರ ಕೂರಿಸಬೇಡಿ.